ಹಲಗಿ ಕಳಕೊಂಡ ಶಬ್ದ: ಒಂದು ಇಂಗ್ಲಿಷ್ ಪದದ ಉಚ್ಚಾರ, ಮೂಲ ಮತ್ತು ರಾಜಕಾರಣ

1

ದಲಿತ ವಿಮರ್ಶೆ ಎಂದ ಕೂಡಲೇ ನಮ್ಮ ಗಮನ ಕಾವ್ಯ, ಕಥೆ, ಆತ್ಮಕಥೆಗಳ ಕಡೆ ಹೋಗುತ್ತದೆ. ಹೋಗಬೇಕಾದದ್ದೇ. ಆದರೆ ಇವೆಲ್ಲಕ್ಕಿಂತ ಹೆಚ್ಚು ಜನ ನಂಬುವ, ಪ್ರಶ್ನೆಯಿಲ್ಲದೆ ಒಪ್ಪಿಕೊಳ್ಳುವ ಇನ್ನೊಂದು ಪಠ್ಯವಿದೆ. ಅದು ನಿಘಂಟು. ಕವಿ ಹೇಳಿದ್ದನ್ನ ನಾವು ಅನುಮಾನಿಸ್ತೀವಿ, ನಿಘಂಟು ಹೇಳಿದ್ದನ್ನ ಅನುಮಾನಿಸೋದಿಲ್ಲ. ಅದು ಯಾರ ಪಕ್ಷವೂ ಅಲ್ಲ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಇಂಗ್ಲಿಷ್ ನಿಘಂಟಿನ ವಿಷಯದಲ್ಲಂತೂ ಈ ನಂಬಿಕೆ ಎರಡು ಪಟ್ಟು. ಜಾತಿ ನಮ್ಮ ಭಾಷೆಗಳ ರೋಗ, ಇಂಗ್ಲಿಷಿಗೆ ಜಾತಿ ಇಲ್ಲ ಅಂತ ನಮ್ಮಲ್ಲಿ ಅನೇಕರು, ಅದರಲ್ಲೂ ಓದಿ ಮೇಲೆ ಬಂದ ನಮ್ಮ ಹುಡುಗರು, ನಂಬಿದ್ದಾರೆ. ಈ ನಂಬಿಕೆಗೆ ಕಾರಣಗಳಿವೆ, ಅವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ಒಂದೇ ಒಂದು ಪದವನ್ನ ಕೈಗೆ ತಗೊಂಡು ತಿರುಗಿಸಿ ನೋಡಿದರೆ ವಿಷಯ ಅಷ್ಟು ಸರಳವಾಗಿಲ್ಲ ಎಂಬುದು ಗೊತ್ತಾಗುತ್ತದೆ.

ಆ ಪದವನ್ನು ಇಂಗ್ಲಿಷಿನಲ್ಲಿ ಆರು ಅಕ್ಷರಗಳಿಂದ ಬರೆಯುತ್ತಾರೆ: ಪಿ, ಎ, ಆರ್, ಐ, ಎ, ಎಚ್. ಕನ್ನಡ ಲಿಪಿಯಲ್ಲಿ ‘ಪರೈಯ’ ಅಂತ ಬರೆದರೆ ಉಚ್ಚಾರಕ್ಕೆ ಹತ್ತಿರ ಬರುತ್ತದೆ. ಎಲ್ಲರೂ ದೂರ ಇಟ್ಟವನು, ಯಾರೂ ಹತ್ತಿರ ಸೇರಿಸದವನು ಎಂಬುದು ಇವತ್ತಿನ ಅರ್ಥ. ಪತ್ರಿಕೆಗಳ ವಿದೇಶಿ ಸುದ್ದಿಯಲ್ಲಿ, ಸಂಪಾದಕೀಯಗಳಲ್ಲಿ, ಪದವಿ ತರಗತಿಯ ಪಠ್ಯಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂಡುವವರು ಬಾಯಿಪಾಠ ಮಾಡುವ ಶಬ್ದಪಟ್ಟಿಗಳಲ್ಲಿ ಅದು ಸಿಗುತ್ತದೆ. ಸಭ್ಯ ಪದ, ತಿಳಿದವರ ಪದ. ಈ ಲೇಖನ ಅದನ್ನು ಹೇಗೆ ಉಚ್ಚರಿಸಬೇಕು, ಅದು ಎಲ್ಲಿಂದ ಬಂತು, ಬರುವ ದಾರಿಯಲ್ಲಿ ಏನನ್ನು ಕಳೆದುಕೊಂಡಿತು ಎಂಬುದರ ಬಗ್ಗೆ.

2

ಮೊದಲು ಉಚ್ಚಾರ. ನಾನು ಇಂಗ್ಲಿಷ್ ಪಾಠ ಮಾಡುವವನು. ಲಕ್ಷ್ಮೇಶ್ವರದ ಸುತ್ತಿನ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ಈ ಪದವನ್ನು ‘ಪರಿಯಾ’ ಎಂದೋ ‘ಪರಿಯಾಹ್’ ಎಂದೋ ಓದುತ್ತಾರೆ. ಅವರನ್ನು ನೋಡಿ ನಗುವುದು ಸುಲಭ. ಆದರೆ ಅವರು ಮಾಡುತ್ತಿರುವುದು ತರ್ಕಬದ್ಧವಾದ ಕೆಲಸ. ಕನ್ನಡದಲ್ಲಿ ಬರೆದದ್ದನ್ನೆಲ್ಲ ಓದುತ್ತೇವೆ, ಓದುವ ಪ್ರತಿ ಅಕ್ಷರಕ್ಕೂ ಪೂರ್ತಿ ತೂಕ ಕೊಡುತ್ತೇವೆ. ಇಂಗ್ಲಿಷ್ ಹಾಗಲ್ಲ. ಅಲ್ಲಿ ಅಕ್ಷರ ಬೇರೆ, ಸಿಲಬಲ್ ಬೇರೆ. ಒಂದು ಸ್ವರದ ಸುತ್ತ ಒಂದೇ ಉಸಿರಿನಲ್ಲಿ ಹೊರಡುವ ಸದ್ದಿನ ಗುಂಪು ಸಿಲಬಲ್. ಒಂದಕ್ಕಿಂತ ಹೆಚ್ಚು ಸಿಲಬಲ್ ಇರುವ ಪದದಲ್ಲಿ ಒಂದರ ಮೇಲೆ ಒತ್ತು ಬೀಳುತ್ತದೆ, ಉಳಿದವು ಸಾಮಾನ್ಯವಾಗಿ ಸೊರಗುತ್ತವೆ.

ನಮ್ಮ ಪದದಲ್ಲಿ ಆರು ಅಕ್ಷರಗಳಿದ್ದರೂ ಸಿಲಬಲ್ ಮೂರೇ: ಪ, ರೈ, ಯ. ಒತ್ತು ನಡುವಿನ ‘ರೈ’ ಮೇಲೆ. ಮೊದಲಿನ ‘ಪ’ ಮತ್ತು ಕೊನೆಯ ‘ಯ’ ಎರಡರಲ್ಲೂ ಇರುವ ಸ್ವರ ನಮ್ಮ ‘ಅ’ಕಾರದ ಬಡಕಲು ರೂಪ. ಬಾಯಿ ಅರ್ಧ ತೆರೆದು ಬಿಟ್ಟುಬಿಡುವ ಸದ್ದು. ಕೊನೆಯ ಎಚ್ ಬರೆಯಲಿಕ್ಕೆ ಮಾತ್ರ, ನುಡಿಯಲಿಕ್ಕಲ್ಲ. ಇದೇ ಪದಕ್ಕೆ ಇನ್ನೊಂದು ಹಳೆಯ ಉಚ್ಚಾರವೂ ಇದೆ. ಅದರಲ್ಲಿ ಒತ್ತು ಮೊದಲ ಸಿಲಬಲ್ ಮೇಲೆ, ಹೆಚ್ಚುಕಡಿಮೆ ‘ಪ್ಯಾರಿಯ’ ಎನ್ನುವಂತೆ. ಈಗ ಕೇಳುವುದು ಹೆಚ್ಚಾಗಿ ಮೊದಲನೆಯದೇ.

ಇಷ್ಟು ಹೇಳಿ ಮುಗಿಸಿದರೆ ಇಂಗ್ಲಿಷ್ ಮೇಷ್ಟ್ರ ಕೆಲಸ ಮುಗಿಯಿತು. ಆದರೆ ಈ ಮೂರು ಸಿಲಬಲ್ಲುಗಳನ್ನು ಹೀಗೇ ಇಟ್ಟು, ಪಕ್ಕದಲ್ಲಿ ತಮಿಳಿನ ಒಂದು ಪದವನ್ನು ಇಡಿ: ಪ, ಱೈ, ಯರ್. ಪಱೈಯರ್. ಕೊನೆಯ ‘ರ್’ ಒಂದನ್ನು ಬಿಟ್ಟರೆ ಎರಡೂ ಒಂದೇ ಎನಿಸುವಷ್ಟು ಹತ್ತಿರ. ಪದದ ಕೊನೆಯ ರಕಾರವನ್ನು ಇಂಗ್ಲೆಂಡಿನ ಈಗಿನ ಶಿಷ್ಟ ಉಚ್ಚಾರ ಹೇಗೂ ನುಂಗುತ್ತದೆ. ಅಂದರೆ ಸಾವಿರಾರು ಮೈಲಿ, ನಾಲ್ಕು ಶತಮಾನ ದಾಟಿದರೂ ಸದ್ದು ಮೂಲದ ಹತ್ತಿರವೇ ಇದೆ. ಕೆಟ್ಟದ್ದು ಅರ್ಥ.

3

ತಮಿಳಿನಲ್ಲಿ ‘ಪಱೈ’ ಎಂದರೆ ಚರ್ಮದ ವಾದ್ಯ. ‘ಪಱೈಯನ್’ ಎಂದರೆ ಆ ವಾದ್ಯಕ್ಕೆ ಸಂಬಂಧಿಸಿದವನು, ‘ಪಱೈಯರ್’ ಅದರ ಬಹುವಚನ. ಹಿಂದಿಯ ‘ಪರಾಯಾ’ಕ್ಕೂ ಇದಕ್ಕೂ ಸಂಬಂಧವಿಲ್ಲ, ಸಂಸ್ಕೃತದ ‘ಪರ’ಕ್ಕೂ ಇಲ್ಲ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ಕಾಲ್ಡ್‌ವೆಲ್ ವಾದ್ಯದ ಮೂಲವನ್ನೇ ಒಪ್ಪಿದ. ಇನ್ನೊಂದು ವಾದವೂ ಇದೆ. ತಮಿಳಿನಲ್ಲಿ ‘ಪಱೈ’ಗೆ ಹೇಳು, ಸಾರು ಎಂಬ ಕ್ರಿಯಾರ್ಥವೂ ಉಂಟು. ಕಾಸರಗೋಡಿನ ಕನ್ನಡಿಗರಿಗೆ ಮಲಯಾಳಂನ ‘ಪಱಯುಗ’ ದಿನನಿತ್ಯದ ಮಾತು, ಅದರ ಅರ್ಥವೂ ಹೇಳುವುದೇ. ಹಾಗಾಗಿ ಪಱೈಯರ್ ಎಂದರೆ ಊರಿಗೆ ಸುದ್ದಿ ಸಾರುವವರು, ಮಾತು ಬಲ್ಲವರು ಎಂದು ಓದುವವರಿದ್ದಾರೆ. ಡಂಗುರ ಸಾರುವವನ ಕೈಯಲ್ಲಿ ವಾದ್ಯವೂ ಇರುತ್ತದೆ, ಬಾಯಲ್ಲಿ ಮಾತೂ ಇರುತ್ತದೆ. ಎರಡು ಅರ್ಥಗಳೂ ಬಹಳ ದೂರದವೇನಲ್ಲ.

ಕನ್ನಡಕ್ಕೂ ಈ ಪದ ಪರಕೀಯವಲ್ಲ. ಹಳಗನ್ನಡದಲ್ಲಿ ‘ಪಱೆ’ ಎಂದರೆ ವಾದ್ಯವೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ತೆಗೆದು ನೋಡಿದರೆ ಸಿಗುತ್ತದೆ. ಮುಂದೆ ಎರಡು ಬದಲಾವಣೆಗಳಾದವು. ಶಕಟರೇಫ ‘ಱ’ ಹೋಗಿ ಸಾಮಾನ್ಯ ‘ರ’ದಲ್ಲಿ ಸೇರಿತು. ಪದದ ಮೊದಲಿನ ಪಕಾರ ಹಕಾರವಾಯಿತು. ಪಾಲ್ ಹಾಲಾದಂತೆ, ಪುಲಿ ಹುಲಿಯಾದಂತೆ, ಪಱೆ ‘ಹರೆ’ಯಾಯಿತು. ಕರ್ನಾಟಕದ ಕೆಲವು ಕಡೆ ಹರೆ ಅನ್ನೋ ವಾದ್ಯ ಇವತ್ತಿಗೂ ಇದೆ. ನಮ್ಮ ಕಡೆ ಅದರ ಜಾಗದಲ್ಲಿ ಇರುವುದು ಹಲಗಿ.

ಈ ಪಕಾರ ಹಕಾರದ ಬದಲಾವಣೆಗೆ ನಾವು ಬೇರೆ ಊರಿನ ಉದಾಹರಣೆ ಹುಡುಕಬೇಕಿಲ್ಲ. ಲಕ್ಷ್ಮೇಶ್ವರದ ಹಳೆಯ ಹೆಸರೇ ಪುಲಿಗೆರೆ, ಆಮೇಲೆ ಹುಲಿಗೆರೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ಊರುಗಳನ್ನು ಹೆಸರಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆ ಪುಲಿಗೆರೆಯನ್ನೂ ಸೇರಿಸುತ್ತದೆ. ಹತ್ತನೇ ಶತಮಾನದ ಪಂಪ ತನ್ನ ಭಾರತಕ್ಕೆ ಬಳಸಿದ್ದು ಪುಲಿಗೆರೆಯ ತಿರುಳ್ಗನ್ನಡವನ್ನು ಎಂದು ಹೇಳಿಕೊಳ್ಳುತ್ತಾನೆ. ನಮ್ಮೂರಿನ ಸಾಹಿತ್ಯ ಸಮಾರಂಭಗಳಲ್ಲಿ ಈ ಎರಡು ಮಾತುಗಳನ್ನು ಹೇಳದ ಭಾಷಣವನ್ನ ನಾನು ಕೇಳಿಲ್ಲ. ಹೆಮ್ಮೆ ಪಡಲಿ, ಬೇಡ ಅನ್ನೋದಿಲ್ಲ. ಆದರೆ ಆ ತಿರುಳ್ಗನ್ನಡದಲ್ಲಿ ಪಱೆ ಎಂಬ ಪದವೂ ಇತ್ತು. ಅದನ್ನು ಬಾರಿಸುವ ಕೈಗಳೂ ಇದ್ದವು. ತಿರುಳಿನ ಬಗ್ಗೆ ಮಾತಾಡುವವರು ಆ ಕೈಗಳ ಬಗ್ಗೆ ಮಾತಾಡಿದ್ದು ಕಡಿಮೆ.

4

ಇಲ್ಲಿ ಒಂದು ಎಚ್ಚರಿಕೆ ಬೇಕು. ಪದದ ಮೂಲ ವಾದ್ಯ ಎಂದ ಕೂಡಲೇ ಇಡೀ ಸಮುದಾಯವೇ ವಾದ್ಯ ಬಾರಿಸುತ್ತಿತ್ತು ಎಂದಾಗುವುದಿಲ್ಲ. ಪಱೈಯರಲ್ಲಿ ಬಹುಪಾಲು ಜನ ಹೊಲದಲ್ಲಿ ದುಡಿಯುವವರಾಗಿದ್ದರು. ವಾದ್ಯ ಬಾರಿಸುವವರು ಅವರಲ್ಲಿ ಒಂದು ಭಾಗ ಮಾತ್ರ. ನೆಲ ಉತ್ತು ಅನ್ನ ಬೆಳೆದವರನ್ನು ಆ ಕೆಲಸದಿಂದ ಕರೆಯದೆ, ಊರಿನ ಹೆಣಕ್ಕೂ ಹಬ್ಬಕ್ಕೂ ಮಾಡಬೇಕಾದ ಚಾಕರಿಯಿಂದ ಕರೆದದ್ದರಲ್ಲಿ ಒಂದು ರಾಜಕಾರಣವಿದೆ. ಹೆಸರಿಡುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದು ಹೆಸರಿನಲ್ಲೇ ಕಾಣುತ್ತದೆ. ಕನ್ನಡದ ‘ಹೊಲೆಯ’ ಪದದ ಬಗ್ಗೆಯೂ ಇಂಥದೇ ಜಗಳ ನಡೆದಿದೆ. ‘ಹೊಲೆ’ ಎಂದರೆ ಮೈಲಿಗೆ, ಅದರಿಂದ ಹೊಲೆಯ ಎಂದು ಒಂದು ಪಕ್ಷ. ‘ಹೊಲ’ದವನು, ನೆಲದವನು ಹೊಲೆಯ ಎಂದು ಇನ್ನೊಂದು ಪಕ್ಷ. ವ್ಯಾಕರಣದ ತೀರ್ಪು ಏನೇ ಇರಲಿ, ಈ ಜಗಳ ಬರೀ ವ್ಯಾಕರಣದ್ದಲ್ಲ.

ಎರಡನೆಯ ಎಚ್ಚರಿಕೆ: ಹೆಸರಿನ ಜೊತೆಗೇ ಮೈಲಿಗೆ ಹುಟ್ಟಿತು ಎಂದು ತಿಳಿಯಬೇಕಿಲ್ಲ. ತಮಿಳಿನ ಪ್ರಾಚೀನ ಸಂಗಂ ಸಂಕಲನ ಪುಱನಾನೂಱಿನ ಒಂದು ಕವಿತೆ ತುಡಿಯನ್, ಪಾಣನ್, ಪಱೈಯನ್, ಕಡಂಬನ್ ಎಂಬ ನಾಲ್ಕನ್ನು ಕುಲಗಳೆಂದು ಎಣಿಸುತ್ತದೆ. ಅಲ್ಲಿ ಪಱೈಯನ್ ನಾಲ್ವರಲ್ಲಿ ಒಬ್ಬ, ಹೊರಗಿನವನಲ್ಲ. ಹನ್ನೊಂದನೇ ಶತಮಾನದ ಆರಂಭದ ತಂಜಾವೂರಿನ ರಾಜರಾಜ ಚೋಳನ ಶಾಸನಗಳಿಗೆ ಬರುವಷ್ಟರಲ್ಲಿ ‘ಪಱೈಚ್ಚೇರಿ’ ಎಂಬ ಬೇರೆ ಕೇರಿ ಕಾಣಿಸುತ್ತದೆ, ‘ತೀಂಡಾಚ್ಚೇರಿ’ ಅಂದರೆ ಮುಟ್ಟಬಾರದವರ ಕೇರಿಯೂ ಕಾಣಿಸುತ್ತದೆ. ಕುಲ ಕೇರಿಯಾಯಿತು, ಕೇರಿ ಊರಾಚೆ ಹೋಯಿತು. ಇದನ್ನು ಯಾವ ದೇವರೂ ಮಾಡಿದ್ದಲ್ಲ. ಭೂಮಿ, ದೇವಸ್ಥಾನ, ರಾಜ್ಯ ಈ ಮೂರೂ ಕೂಡಿ ಮಾಡಿದ್ದು.

ನಮ್ಮ ಮನೆಯ ಗೋಡೆಗೂ ಒಂದು ಹಲಗಿ ತೂಗುಬಿದ್ದಿತ್ತು. ಅದನ್ನ ಬೆಂಕಿಗೆ ಹಿಡಿದು ಕಾಯಿಸೋದು, ಬೆರಳಿನಿಂದ ತಟ್ಟಿ ಶ್ರುತಿ ನೋಡೋದು, ಎರಡು ಕಡ್ಡಿಗಳಲ್ಲಿ ದಪ್ಪನೆಯದು ಯಾವ ಕೈಗೆ ಸಣ್ಣದು ಯಾವ ಕೈಗೆ ಅನ್ನೋದು, ಇವೆಲ್ಲ ಒಂದು ವಿದ್ಯೆ. ಅದನ್ನ ವಿದ್ಯೆ ಅಂತ ಯಾರೂ ಕರೀಲಿಲ್ಲ. ಹೋಳಿ ಹುಣ್ಣಿಮಿ ಬಂದರೆ ನಮ್ಮ ಭಾಗದಲ್ಲಿ ಎಲ್ಲಾ ಜಾತಿಯ ಹುಡುಗರೂ ಹಲಗಿ ಹಿಡಿದು ಕುಣೀತಾರೆ. ಹುಣ್ಣಿಮಿ ಮುಗಿದ ಮೇಲೆ ಹಲಗಿ ಮತ್ತೆ ಕೇರಿಗೆ ವಾಪಸು ಬರ್ತದೆ. ಸದ್ದಿಗೆ ಮೈಲಿಗೆ ಇಲ್ಲ, ಬಾರಿಸುವವನ ಕೈಗೆ ಮಾತ್ರ ಮೈಲಿಗೆ. ಹೆಣ ಎತ್ತುವಾಗ, ದೇವರು ಹೊರಡುವಾಗ ಹಲಗಿ ಬೇಕು. ಬಾರಿಸುವುದಿಲ್ಲ ಎಂದವರಿಗೆ ಬಹಿಷ್ಕಾರ ಹಾಕಿದ ಸುದ್ದಿಗಳನ್ನು ನಾವು ಓದುತ್ತಲೇ ಬಂದಿದ್ದೇವೆ. ಪಱೈ ಮತ್ತು ಪಱೈಯರ್ ನಡುವಿನ ಸಂಬಂಧ ನನಗೆ ಅರ್ಥವಾದದ್ದು ನಿಘಂಟಿನಿಂದಲ್ಲ, ಈ ಅನುಭವದಿಂದ.

5

ಈಗ ಪದದ ಪ್ರಯಾಣಕ್ಕೆ ಬರೋಣ. ಇದನ್ನು ಯುರೋಪಿಗೆ ಮೊದಲು ಹೊತ್ತವರು ಪೋರ್ಚುಗೀಸರು. ಮಲಬಾರಿನಲ್ಲಿದ್ದ ದುವಾರ್ತೆ ಬಾರ್ಬೊಸಾ 1516ರ ಹೊತ್ತಿಗೆ ಬರೆದ ವರದಿಯಲ್ಲಿ ಈ ಜನರನ್ನು ಹೆಸರಿಸಿ, ಅವರನ್ನು ನೋಡಿದರೂ ಮೈಲಿಗೆ ಎಂದು ಮೇಲಿನವರು ನಂಬಿದ್ದನ್ನು ದಾಖಲಿಸುತ್ತಾನೆ. ಅವನಿಗೆ ಸುದ್ದಿ ಕೊಟ್ಟವರು ಯಾರಾಗಿದ್ದಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಕೇರಿಗೆ ಹೋಗಿ ಕೇಳಿದ್ದರೆ ಬೇರೆ ಮಾತು ಸಿಗುತ್ತಿತ್ತು. ಇಂಗ್ಲಿಷಿನಲ್ಲಿ ಈ ಪದ 1613ರಲ್ಲಿ ಪರ್ಚಸ್‌ನ ಗ್ರಂಥದಲ್ಲಿ ಕಾಣಿಸುತ್ತದೆ. ಅಲ್ಲಿಯೂ ಇದೇ ದೃಷ್ಟಿ. ಅಂದರೆ ವಸಾಹತುಶಾಹಿ ತನ್ನ ಕಣ್ಣಿನಿಂದ ನೋಡಿ ಈ ಅರ್ಥ ಕೊಟ್ಟಿತು ಎನ್ನುವುದು ಅರ್ಧ ಸತ್ಯ. ಅದು ಇಲ್ಲಿನ ಮೇಲ್ಜಾತಿಯ ಕಣ್ಣನ್ನು ಎರವಲು ಪಡೆದು ನೋಡಿತು.

ಮದ್ರಾಸಿನ ಬಿಳಿಯರ ಬಾಯಲ್ಲಿ ಈ ಪದ ಕೀಳು ದರ್ಜೆಯ ಎಲ್ಲದಕ್ಕೂ ವಿಶೇಷಣವಾಯಿತು. ಬೀದಿನಾಯಿಗೆ ‘ಪರೈಯ ನಾಯಿ’ ಎಂದರು, ಹದ್ದಿನ ಒಂದು ಜಾತಿಗೆ ‘ಪರೈಯ ಹದ್ದು’ ಎಂದರು, ಅಗ್ಗದ ಸಾರಾಯಿಗೆ ‘ಪರೈಯ ಸಾರಾಯಿ’ ಎಂದರು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಪ್ರಕಟಿಸಿದ ಹಾಬ್ಸನ್ ಜಾಬ್ಸನ್ ಎಂಬ ಆಂಗ್ಲೋ ಇಂಡಿಯನ್ ಶಬ್ದಕೋಶದಲ್ಲಿ ಇವೆಲ್ಲ ಇವೆ. ಪಱೈಯರನ್ನು ಜಾತಿಯೇ ಇಲ್ಲದ ಹೊರಗಿನವರು ಎಂದು ಯುರೋಪಿಯನ್ನರು ತಿಳಿದದ್ದು ತಪ್ಪು ಎಂದು ಆ ಸಂಪಾದಕರೇ ಹೇಳಿದ್ದಾರೆ. ತಪ್ಪು ಎಂದು ಕೋಶ ಹೇಳಿದರೂ ಬಳಕೆ ನಿಲ್ಲಲಿಲ್ಲ. ನಾಯಿಯ ಹೆಸರು, ಹದ್ದಿನ ಹೆಸರು ಪಕ್ಷಿಶಾಸ್ತ್ರ, ಪ್ರಾಣಿಶಾಸ್ತ್ರದ ಪುಸ್ತಕಗಳಿಗೂ ಹೋದವು. ಒಂದು ಜನಸಮುದಾಯದ ಹೆಸರು ನಾಯಿಗೂ ಹದ್ದಿಗೂ ಹಂಚಿಹೋದಾಗ ಅದನ್ನು ವಿಜ್ಞಾನದ ಪರಿಭಾಷೆ ಎಂದು ಒಪ್ಪಿಕೊಂಡೆವು.

ಯುರೋಪಿನಲ್ಲಿ ಕಥೆ ಸ್ವಲ್ಪ ಬೇರೆ. ಫ್ರಾನ್ಸಿನ ಬರ್ನಾರ್ಡಿನ್ ದ ಸೇಂಟ್ ಪಿಯರ್ 1791ರಲ್ಲಿ ಭಾರತದ ಗುಡಿಸಲಿನ ಬಗ್ಗೆ ಒಂದು ಕಥೆ ಬರೆದ. ಸತ್ಯವನ್ನು ಹುಡುಕಿಕೊಂಡು ಬಂದ ಒಬ್ಬ ಇಂಗ್ಲಿಷ್ ವಿದ್ವಾಂಸನಿಗೆ ಅದು ಜಗನ್ನಾಥದ ಪುರೋಹಿತನ ಬಳಿ ಸಿಗುವುದಿಲ್ಲ, ಊರಾಚೆಯ ಒಬ್ಬ ‘ಪರೈಯ’ನ ಗುಡಿಸಲಲ್ಲಿ ಸಿಗುತ್ತದೆ. ಫ್ರೆಂಚ್ ಕ್ರಾಂತಿಯ ಕಾಲದ ಆ ಕಥೆ ಬಹಳ ಓದಿಸಿಕೊಂಡಿತು. 1821ರಲ್ಲಿ ದೆಲವೀನ್ ಇದೇ ಹೆಸರಿನ ದುರಂತ ನಾಟಕ ಬರೆದ, ಅದೇ ದಶಕದಲ್ಲಿ ಜರ್ಮನಿಯ ಗಯಟೆ ಇದೇ ಹೆಸರಿನ ಕವಿತೆಗಳನ್ನು ಬರೆದ. ಫ್ಲೋರಾ ತ್ರಿಸ್ತಾನ್ ಎಂಬ ಹೋರಾಟಗಾರ್ತಿ 1838ರಲ್ಲಿ ತನ್ನ ಪ್ರವಾಸಕಥನದ ಶೀರ್ಷಿಕೆಯಲ್ಲಿ ತನ್ನನ್ನೇ ಹೀಗೆ ಕರೆದುಕೊಂಡಳು. ಗಂಡನನ್ನು ಬಿಟ್ಟು ಬಂದ ಹೆಣ್ಣಿಗೆ ಆ ಸಮಾಜದಲ್ಲಿ ಇದ್ದ ಸ್ಥಾನವನ್ನು ಹೇಳಲು ಅವಳಿಗೆ ಈ ಪದವೇ ಬೇಕಾಯಿತು. ಮ್ಯಾಕ್ಸ್ ವೆಬರ್ ಯಹೂದಿಗಳನ್ನು ವಿವರಿಸಲು ಇದನ್ನು ಸಮಾಜಶಾಸ್ತ್ರದ ಪರಿಕಲ್ಪನೆಯಾಗಿ ಬಳಸಿದ. ಹನ್ನಾ ಅರೆಂಡ್ 1944ರಲ್ಲಿ ಬರೆದ ಪ್ರಸಿದ್ಧ ಪ್ರಬಂಧ ಯಹೂದಿಯನ್ನು ‘ಪರೈಯ’ನಾಗಿ ನೋಡುತ್ತದೆ. ತನ್ನ ಸ್ಥಿತಿಯ ಅರಿವಿದ್ದು ಅದರ ವಿರುದ್ಧ ಬಂಡೇಳುವವನ ಪರಂಪರೆಯನ್ನು ಅದು ಗುರುತಿಸುತ್ತದೆ.

ಇದನ್ನೆಲ್ಲ ಬರೀ ಕಳವು ಎಂದು ತಳ್ಳಿಬಿಡಲು ನನಗೆ ಮನಸ್ಸಿಲ್ಲ. ಜಗತ್ತಿನ ಬೇರೆ ಬೇರೆ ಕಡೆಯ ನೊಂದವರು ತಮ್ಮ ನೋವಿಗೆ ಹೆಸರು ಹುಡುಕುವಾಗ ನಮ್ಮವರ ಹೆಸರನ್ನು ಆರಿಸಿಕೊಂಡರು ಎಂಬುದರಲ್ಲಿ ಒಂದು ಸಂಬಂಧದ ಎಳೆ ಇದೆ. ಆದರೆ ಎಳೆ ಒಂದೇ ಕಡೆಯಿಂದ ಬಂದದ್ದು. ಹೆಸರನ್ನು ತೆಗೆದುಕೊಂಡವರಲ್ಲಿ ಬಹುತೇಕರು ಆ ಹೆಸರಿನ ಜನ ಹೇಗಿದ್ದಾರೆ ಎಂದು ತಿರುಗಿ ಕೇಳಲಿಲ್ಲ. ಗುಡಿಸಲು ಅವರಿಗೆ ರೂಪಕವಾಯಿತು, ಗುಡಿಸಲಿನಲ್ಲಿದ್ದ ವಾದ್ಯ ಅವರಿಗೆ ಕೇಳಿಸಲಿಲ್ಲ.

6

ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಈ ಪದಕ್ಕೆ ಇನ್ನೊಂದು ತಿರುವು ಬಂತು. ಅದೇ ನನ್ನ ಲೇಖನದ ಮುಖ್ಯ ವಿಷಯ.

ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾವನ್ನು ಜಗತ್ತಿನ ದೇಶಗಳು ಹಂತಹಂತವಾಗಿ ದೂರ ಇಟ್ಟವು. ಭಾರತ 1946ರಲ್ಲೇ ಅದರೊಂದಿಗೆ ವ್ಯಾಪಾರ ನಿಲ್ಲಿಸಿತು. 1970ರಲ್ಲಿ ಒಲಿಂಪಿಕ್ ಸಮಿತಿ ಅದನ್ನು ಹೊರಹಾಕಿತು. ಆ ದಶಕಗಳಲ್ಲಿ ಇಂಗ್ಲಿಷ್ ಪತ್ರಿಕೆಗಳು ಆ ಸರ್ಕಾರಕ್ಕೆ ಕೊಟ್ಟ ಹೆಸರು ‘ಪರೈಯ ರಾಷ್ಟ್ರ’. 1994ರಲ್ಲಿ ಮಂಡೇಲಾ ಅಧ್ಯಕ್ಷರಾದ ಮೇಲೆ ದಕ್ಷಿಣ ಆಫ್ರಿಕಾ ಆ ಹೆಸರಿನಿಂದ ಹೊರಬಂತು ಎಂದೂ ಅವೇ ಪತ್ರಿಕೆಗಳು ಬರೆದವು. ಆಮೇಲೆ ಬೇರೆ ಬೇರೆ ದೇಶಗಳಿಗೆ ಆ ಪದವನ್ನು ಅಂಟಿಸುತ್ತಾ ಬಂದಿದ್ದಾರೆ.

ಪದವಿ ತರಗತಿಯಲ್ಲಿ ಇಂಥದೊಂದು ವಾಕ್ಯ ಓದಿಸುತ್ತಿದ್ದಾಗ, ಪದದ ಮೂಲವನ್ನು ನಾನು ಹೇಳಿದ ಮೇಲೆ, ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ಕೇಳಿದ: “ಸರ, ಹಲಗಿ ಬಾರಸಾವ್ರ ಹೆಸರೇನ್ರಿ ಇದು? ಮತ್ತ ತಪ್ಪ ಮಾಡಿದ ಸರಕಾರಕ್ಕ ಅದನ್ನ್ಯಾಕ ಇಟ್ಟಾರ?”

ಇದಕ್ಕಿಂತ ಒಳ್ಳೆಯ ವಿಮರ್ಶೆಯ ಪ್ರಶ್ನೆಯನ್ನ ನಾನು ಯಾವ ವಿಚಾರಸಂಕಿರಣದಲ್ಲೂ ಕೇಳಿಲ್ಲ. ಅವನ ಪ್ರಶ್ನೆಯನ್ನು ಬಿಡಿಸಿ ನೋಡೋಣ. ದಕ್ಷಿಣ ಆಫ್ರಿಕಾದ ಬಿಳಿಯ ಸರ್ಕಾರ ಕರಿಯರನ್ನು ಬೇರೆ ಕೇರಿಗೆ ತಳ್ಳಿತು, ಬೇರೆ ಶಾಲೆಗೆ ತಳ್ಳಿತು, ಬೇರೆ ಬೆಂಚಿಗೆ ತಳ್ಳಿತು. ಅಂದರೆ ಅದು ಮಾಡಿದ್ದು ಪಱೈಯರ ಮೇಲೆ ಮೇಲ್ಜಾತಿ ಮಾಡಿದ ಕೆಲಸವನ್ನೇ. ಆ ಸರ್ಕಾರವನ್ನು ಬೈಯಲು ಇಂಗ್ಲಿಷ್ ಆರಿಸಿಕೊಂಡ ಹೆಸರು ತಳ್ಳಿದವರದ್ದಲ್ಲ, ತಳ್ಳಿಸಿಕೊಂಡವರದ್ದು. ಅಸ್ಪೃಶ್ಯತೆ ಆಚರಿಸಿದವನಿಗೆ ಅಸ್ಪೃಶ್ಯನ ಹೆಸರಿಟ್ಟಂತಾಯಿತು.

ಇದರ ಹಿಂದಿನ ತರ್ಕ ಇನ್ನೂ ಕೆಟ್ಟದ್ದು. ತಪ್ಪು ಮಾಡಿದವರನ್ನು ಜಗತ್ತು ದೂರ ಇಡುತ್ತದೆ. ದೂರ ಇಡಿಸಿಕೊಂಡವರು ‘ಪರೈಯ’ರು. ಈ ಎರಡು ವಾಕ್ಯಗಳನ್ನು ಸೇರಿಸಿ ಹಿಂದಕ್ಕೆ ಓದಿದರೆ, ಪಱೈಯರನ್ನು ದೂರ ಇಟ್ಟದ್ದು ಅವರು ಮಾಡಿದ ತಪ್ಪಿಗೆ ಎಂದಾಗುತ್ತದೆ. ಹಿಂದಿನ ಜನ್ಮದ ಪಾಪ ಎಂದು ಪುರೋಹಿತಶಾಹಿ ಹೇಳಿದ್ದೂ ಇದೇ ಅಲ್ಲವೆ? ಕರ್ಮಸಿದ್ಧಾಂತವನ್ನು ನಂಬದ ಇಂಗ್ಲಿಷ್ ಸಂಪಾದಕ, ತನಗೆ ಗೊತ್ತಿಲ್ಲದಂತೆಯೇ, ಒಂದು ಪದದ ಮೂಲಕ ಅದನ್ನು ನಡೆಸುತ್ತಾ ಇರುತ್ತಾನೆ. ಬಹಿಷ್ಕಾರಕ್ಕೆ ಒಳಗಾದವನು ಮಾತ್ರ ಆ ಪದದಲ್ಲಿ ಉಳಿದಿದ್ದಾನೆ. ಬಹಿಷ್ಕಾರ ಹಾಕಿದವನು ಅದರಿಂದ ಜಾರಿಕೊಂಡಿದ್ದಾನೆ.

ಕನ್ನಡ ಪತ್ರಿಕೆಗಳು ಇದರಿಂದ ಪಾರಾಗಿಲ್ಲ. ಒಂದು ಪಕ್ಷದ ಜೊತೆ ಯಾರೂ ಮೈತ್ರಿ ಮಾಡಿಕೊಳ್ಳದಿದ್ದರೆ ‘ರಾಜಕೀಯ ಅಸ್ಪೃಶ್ಯತೆ’ ಎಂದು ಬರೆಯುತ್ತೇವೆ. ಟಿಕೆಟ್ ಸಿಗದ ನಾಯಕ ನನ್ನನ್ನು ಅಸ್ಪೃಶ್ಯನಂತೆ ಕಂಡರು ಎಂದು ಹೇಳಿಕೆ ಕೊಡುತ್ತಾನೆ. ಸಂವಿಧಾನದ 17ನೇ ವಿಧಿ ರದ್ದು ಮಾಡಿದ ಒಂದು ಅಪರಾಧ ಇಲ್ಲಿ ಬರೀ ಅಲಂಕಾರವಾಗುತ್ತದೆ. ಅದನ್ನು ಬಳಸುವವನಿಗೆ ಎಂದೂ ಹೋಟೆಲಿನ ಹೊರಗೆ ಬೇರೆ ಲೋಟ ಇಟ್ಟಿರುವುದಿಲ್ಲ.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಪರೈಯನ್, ಪರಯ ಎಂಬ ಹೆಸರುಗಳಿವೆ. ಪರಿಶಿಷ್ಟ ಜಾತಿಯ ಒಬ್ಬರನ್ನು ಸಾರ್ವಜನಿಕವಾಗಿ ಕಾಣುವ ಜಾಗದಲ್ಲಿ ಜಾತಿಯ ಹೆಸರು ಹಿಡಿದು ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆ ಮತ್ತು ಅದರ 2015ರ ತಿದ್ದುಪಡಿಯ ಪ್ರಕಾರ ಅಪರಾಧ. ಅದೇ ಹೆಸರು ಇಂಗ್ಲಿಷಿನ ಆರು ಅಕ್ಷರ ತೊಟ್ಟು ಬಂದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ.

7

ಹಾಗಾದರೆ ಈ ಹೆಸರಿನ ಜನ ಸುಮ್ಮನಿದ್ದರೇ? ಇಲ್ಲ. ಇದು ನಮ್ಮ ಇಂಗ್ಲಿಷ್ ಪಾಠಗಳಲ್ಲಿ ಬರದ ಅಧ್ಯಾಯ.

1893ರಲ್ಲಿ ಮದ್ರಾಸಿನಲ್ಲಿ ರೆಟ್ಟೈಮಲೈ ಶ್ರೀನಿವಾಸನ್ ಒಂದು ಪತ್ರಿಕೆ ಆರಂಭಿಸಿದರು. ಅದಕ್ಕೆ ಅವರಿಟ್ಟ ಹೆಸರೇ ‘ಪಱೈಯನ್’. ಯಾವ ಹೆಸರಿನಿಂದ ತಲೆ ತಗ್ಗಿಸಬೇಕಾಗಿತ್ತೋ ಅದೇ ಹೆಸರನ್ನು ತಲೆಬರಹ ಮಾಡಿದರು. ಮುಂದೆ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಅಂಬೇಡ್ಕರರ ಜೊತೆ ದಮನಿತರ ಪ್ರತಿನಿಧಿಯಾಗಿ ಕೂತವರು ಇವರೇ. ಅದೇ ಕಾಲದ ಅಯೋತಿದಾಸರು ಬೇರೆ ದಾರಿ ಹಿಡಿದರು. ಈ ಹೆಸರು ವಿರೋಧಿಗಳು ಅಂಟಿಸಿದ್ದು, ನಾವು ಮೂಲತಃ ಬೌದ್ಧರು ಎಂಬುದು ಅವರ ವಾದ. 1907ರಲ್ಲಿ ಅವರು ಆರಂಭಿಸಿದ ವಾರಪತ್ರಿಕೆಯ ಹೆಸರು ‘ತಮಿಳನ್’ ಎಂದೇ ಪ್ರಸಿದ್ಧವಾಯಿತು. ಅವರ ಶಾಕ್ಯ ಬೌದ್ಧ ಸಂಘದ ಶಾಖೆ ನಮ್ಮ ಕೋಲಾರ ಚಿನ್ನದ ಗಣಿಯ ಮಾರಿಕುಪ್ಪಂನಲ್ಲಿತ್ತು. ಅವರ ನಂತರ, 1920ರ ದಶಕದಲ್ಲಿ, ‘ತಮಿಳನ್’ ಮತ್ತೆ ಹೊರಬಂದದ್ದು ಆ ಗಣಿಯ ಊರಿನಿಂದಲೇ. ಭೂಮಿಯ ಆಳಕ್ಕೆ ಇಳಿದು ಚಿನ್ನ ತೆಗೆದ ಕಾರ್ಮಿಕರು ಪತ್ರಿಕೆ ಓದಿ, ಸಭೆ ಸೇರಿ, ತಮ್ಮ ಹೆಸರು ಏನಿರಬೇಕು ಎಂದು ಚರ್ಚಿಸಿದ ನೆಲ ಕರ್ನಾಟಕದಲ್ಲಿದೆ. ಗಣಿ 2001ರಲ್ಲಿ ಮುಚ್ಚಿತು. ಅದರ ಚಿನ್ನದ ಲೆಕ್ಕ ಎಲ್ಲರಿಗೂ ಗೊತ್ತು, ಅಲ್ಲಿನ ಈ ಬೌದ್ಧಿಕ ಚರಿತ್ರೆ ಕನ್ನಡದ ವಿಮರ್ಶೆಗೆ ಇನ್ನೂ ಸರಿಯಾಗಿ ಬಂದಿಲ್ಲ. 1922ರಲ್ಲಿ ಎಂ.ಸಿ. ರಾಜಾ ಅವರ ಪ್ರಯತ್ನದಿಂದ ಮದ್ರಾಸು ಸರ್ಕಾರ ತನ್ನ ದಾಖಲೆಗಳಲ್ಲಿ ಹಳೆಯ ಹೆಸರುಗಳ ಬದಲು ‘ಆದಿದ್ರಾವಿಡ’ ಎಂದು ಬಳಸಲು ಒಪ್ಪಿತು.

ಹೆಸರನ್ನು ಎದೆಗೊತ್ತಿಕೊಂಡು ತಿರುಗಿಸಿ ಹೊಡೆಯುವುದು ಒಂದು ದಾರಿ, ಹೆಸರನ್ನು ಎಸೆದು ಹೊಸದನ್ನು ಕಟ್ಟುವುದು ಇನ್ನೊಂದು. ಕನ್ನಡದಲ್ಲೂ ಎರಡೂ ಆಗಿವೆ. 1973ರಲ್ಲಿ ಬಿ. ಬಸವಲಿಂಗಪ್ಪನವರ ‘ಬೂಸಾ’ ಎಂಬ ಒಂದು ಪದ ಇಡೀ ನಾಡಿನ ಸಾಹಿತ್ಯದ ಜಾತಿಯನ್ನು ಬೀದಿಗೆ ತಂದಿತು. 1975ರಲ್ಲಿ ಸಿದ್ಧಲಿಂಗಯ್ಯನವರ ಮೊದಲ ಸಂಕಲನ ಬಂದಾಗ ಅದರ ಮುಖಪುಟದಲ್ಲಿದ್ದದ್ದು ‘ಹೊಲೆಮಾದಿಗರ ಹಾಡು’ ಎಂಬ ಹೆಸರು. ಅದೇ ದಶಕದಲ್ಲಿ ಬೆಳೆದ ದಲಿತ ಸಂಘರ್ಷ ಸಮಿತಿ ‘ದಲಿತ’ ಎಂಬ ಹೆಸರನ್ನು ಹಳ್ಳಿಹಳ್ಳಿಗೆ ಒಯ್ದಿತು. ಆ ಚಳವಳಿಯ ಹಾಡುಗಳ ಜೊತೆ ತಮಟೆ, ಹಲಗಿ ಬಂದವು. ಹೆಣದ ಮುಂದೆ ಬಾರಿಸಬೇಕಾಗಿದ್ದ ವಾದ್ಯ ತಾಲ್ಲೂಕು ಕಚೇರಿಯ ಮುಂದೆ ಬಾರಿಸಿತು. ‘ದಲಿತ’ ಎಂಬ ಪದದ ವಿಶೇಷ ಇಲ್ಲೇ ಇದೆ. ತುಳಿಯಲ್ಪಟ್ಟವನು ಎಂದ ಕೂಡಲೇ ತುಳಿದವನು ಯಾರು ಎಂಬ ಪ್ರಶ್ನೆ ಏಳುತ್ತದೆ. ಇಂಗ್ಲಿಷಿನ ‘ಪರೈಯ’ ಆ ಪ್ರಶ್ನೆಯನ್ನು ಏಳಗೊಡುವುದಿಲ್ಲ.

8

ಆ ಪದವನ್ನು ನಿಘಂಟಿನಿಂದ ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಕಿತ್ತುಹಾಕಿದರೆ ಅದು ಮಾಡಿದ ಕೆಲಸದ ಸಾಕ್ಷಿಯೂ ಹೋಗುತ್ತದೆ. ನಮ್ಮ ವಿದ್ಯಾರ್ಥಿಗಳು ಅದರ ಮೂರು ಸಿಲಬಲ್ಲುಗಳನ್ನು ಸರಿಯಾಗಿ, ಒತ್ತು ಸಮೇತ ಉಚ್ಚರಿಸಲಿ. ಉಚ್ಚಾರ ತಪ್ಪಿದರೆ ಸಂದರ್ಶನದಲ್ಲಿ ನಗುವವರಿದ್ದಾರೆ, ಆ ಅವಕಾಶವನ್ನು ಅವರಿಗೆ ಕೊಡಬೇಕಾಗಿಲ್ಲ. ಆದರೆ ಉಚ್ಚಾರದ ಜೊತೆಗೇ ಚರಿತ್ರೆಯನ್ನೂ ಕಲಿಸಬೇಕು. ಪಾಠ ಮಾಡುವವರು ‘ಸಮಾಜದಿಂದ ಬಹಿಷ್ಕೃತನಾದವನು’ ಎಂದು ಅರ್ಥ ಬರೆಸಿ ಮುಂದೆ ಹೋಗದೆ, ‘ತಮಿಳಿನ ಪಱೈ ವಾದ್ಯದ ಹೆಸರಿನಿಂದ ಗುರುತಿಸಿದ ಒಂದು ಸಮುದಾಯದ ಹೆಸರು, ಆ ಸಮುದಾಯವನ್ನು ಮೇಲ್ಜಾತಿಗಳು ಊರಾಚೆ ಇಟ್ಟ ಕಾರಣ ಇಂಗ್ಲಿಷ್ ಇದನ್ನು ಬಹಿಷ್ಕೃತ ಎಂಬ ಅರ್ಥದಲ್ಲಿ ಬಳಸಿತು’ ಎಂದು ಬರೆಸಲಿ. ಎರಡು ಸಾಲು ಹೆಚ್ಚಾಗುತ್ತದೆ, ಅಷ್ಟೆ. ಅನುವಾದ ಮಾಡುವವರು ‘ಪರೈಯ ರಾಷ್ಟ್ರ’ಕ್ಕೆ ‘ಅಸ್ಪೃಶ್ಯ ರಾಷ್ಟ್ರ’ ಎಂದು ಬರೆಯುವ ಮೊದಲು, ಆ ದೇಶ ಮಾಡಿದ್ದೇನು ಎಂದು ಕೇಳಿಕೊಳ್ಳಲಿ. ‘ಜಗತ್ತು ದೂರ ಇಟ್ಟ ದೇಶ’ ಎಂದರೆ ಕನ್ನಡಕ್ಕೆ ಏನೂ ಕೊರತೆಯಾಗುವುದಿಲ್ಲ, ದೂರ ಇಟ್ಟದ್ದು ಯಾರು ಎಂಬುದೂ ವಾಕ್ಯದಲ್ಲೇ ಇರುತ್ತದೆ.

ಕಾರ್ಯಕರ್ತ ಗೆಳೆಯರಿಗೆ ಒಂದು ಮಾತು. ನಮ್ಮ ಅಧ್ಯಯನ ಶಿಬಿರಗಳಲ್ಲಿ ಕಾನೂನು ಓದುತ್ತೇವೆ, ಅಂಬೇಡ್ಕರರನ್ನು ಓದುತ್ತೇವೆ. ಒಂದು ಮಧ್ಯಾಹ್ನ ನಿಘಂಟನ್ನೂ ಓದೋಣ. ಯಾವುದೇ ಪದ ತಗೊಂಡು ಮೂರು ಪ್ರಶ್ನೆ ಕೇಳಿದರೆ ಸಾಕು: ಈ ಹೆಸರನ್ನು ಇಟ್ಟವರು ಯಾರು? ಇದು ತಪ್ಪನ್ನು ಯಾರ ತಲೆಗೆ ಕಟ್ಟುತ್ತದೆ? ಇದರಿಂದ ಯಾರು ಜಾರಿಕೊಂಡಿದ್ದಾರೆ? ಕನ್ನಡದ ಗಾದೆ, ಬೈಗುಳ, ಹಾರೈಕೆ ಎಲ್ಲಕ್ಕೂ ಈ ಮೂರು ಪ್ರಶ್ನೆಗಳನ್ನ ಹಾಕಬಹುದು. ಪಟ್ಟಿ ಮಾಡುತ್ತಾ ಹೋದರೆ ಅದೇ ಒಂದು ಪುಸ್ತಕವಾಗುತ್ತದೆ, ಅದನ್ನು ಬರೆಯಬೇಕಾದವರು ಹಲಗಿ ಕಾಯಿಸಿ ಗೊತ್ತಿರುವ ಮನೆಗಳ ಹುಡುಗ ಹುಡುಗಿಯರೇ.